ಚರ್ಚಿಗೊಂದು ಮಂಡಿ ಸಾಫ್ಟ್‌ವೇರ್

ಸತ್ಯಮಿತ್ರ ಒಮ್ಮೆ ತೀರ್ಮಾನ ಮಾಡಿದರೆಂದರೆ ಭದ್ರಾ ಹೊಳೆ ಬೇಕಾದರೆ ಹಿಂದಕ್ಕೆ ಹರಿದೀತು, ಅವರು ಹಿಂದೆ ಸರಿಯುವವರಲ್ಲ. (ಇದು ಅವರೇ ಹೇಳಿಕೊಳ್ಳುವ ಮಾತು. ಅವರ ಹೆಂಡತಿ ಜಯಾ ಇದನ್ನು ಸ್ವಲ್ಪ ತಿದ್ದಿ ಹೇಳುತ್ತಾಳೆ: "ತೀರ್ಮಾನ ಬದಲಾಯಿಸೋದಕ್ಕೂ ಒಂಚೂರು ತಲೆ ಬೇಕಲ್ಲ.")

ಎರಡು ಸಾವಿರದ ಮೂರನೇ ಇಸವಿಯ ಮಳೆಗಾಲದಲ್ಲಿ ಅವರು ಮಾಡಿದ ತೀರ್ಮಾನ ಇದು: ಭದ್ರಾವತಿ ನ್ಯೂ ಟೌನಿನ ತಮ್ಮ ಚರ್ಚಿಗೆ ಒಂದು ಸಾಫ್ಟ್‌ವೇರ್ ತರಲೇಬೇಕು.

ಕಾರಣವೂ ಇತ್ತು. ಒಂದು ಭಾನುವಾರ ಪಾಸ್ಟರು (ಸಭೆಯವರೆಲ್ಲ ಅವರನ್ನು ಅಯ್ಯನವರು ಎನ್ನುತ್ತಾರೆ) ಕಣ್ಣು ಮುಚ್ಚಿ, ಕೈಯೆತ್ತಿ, "ವಸಂತಮ್ಮನವರ ಪಿತ್ತಕೋಶದ ಆಪರೇಷನ್ ಸುಸೂತ್ರವಾಗಿ ನಡೆಯಲಿ" ಎಂದು ಕರಗುವ ದನಿಯಲ್ಲಿ ಪ್ರಾರ್ಥಿಸಿದರು. ಎರಡನೇ ಬೆಂಚಿನಿಂದ ವಸಂತಮ್ಮ ಎದ್ದು ನಿಂತರು.

"ಅಯ್ಯನವರೇ, ಅದನ್ನ ತೆಗೆದು ಹಾಕಿ ವರ್ಷ ಆಯ್ತು. ಈಗ ಇನ್ನೇನು ತೆಗೀಲಿ ಅಂತ ಪ್ರಾರ್ಥನೆ ಮಾಡ್ತಿದೀರಿ?"

ಅಯ್ಯನವರು ಹಳೆಯ ಚೀಟಿಯನ್ನು ಹೊಸ ಚೀಟಿ ಎಂದುಕೊಂಡು ಓದಿಬಿಟ್ಟಿದ್ದರು. ಸಭೆ ನಕ್ಕಿತು. ಸತ್ಯಮಿತ್ರ ನಗಲಿಲ್ಲ. ಊರಿನ ಉಕ್ಕಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕೂತು ಯಾರು ಸೈರನ್ನಿಗೆ ಮುಂಚೆ ಬಂದರು, ಯಾರು ಆಮೇಲೆ ನುಸುಳಿದರು ಎಂದು ಹಿಡಿದು ಹಾಕುವುದರಲ್ಲೇ ತಲೆ ಬೆಳ್ಳಗಾಗಿಸಿಕೊಂಡವರು ಅವರು. ಅಂಥವರ ಚರ್ಚಿನಲ್ಲಿ ಇಂಥ ಅವ್ಯವಸ್ಥೆಯೇ? ಅದೇ ಮಧ್ಯಾಹ್ನ ಸಮಿತಿಯ ಸಭೆಯಲ್ಲಿ ಅವರು ಮೇಜು ಗುದ್ದಿದರು. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದ ಕಂಪ್ಯೂಟರ್ ಒಂದು ಕಸೂತಿ ಬಟ್ಟೆ ಹೊದ್ದು ಅಯ್ಯನವರ ಕೋಣೆಯಲ್ಲಿ ಮದುಮಗಳಂತೆ ಕೂತಿತ್ತು. ಅದಕ್ಕೆ ತಕ್ಕ ವರನನ್ನು ಹುಡುಕುವ ಹೊಣೆ, ಅಂದರೆ "ಸಾಫ್ಟ್‌ವೇರ್ ಆಯ್ಕೆ ಉಪಸಮಿತಿ"ಯ ಅಧ್ಯಕ್ಷ ಪದವಿ, ಸತ್ಯಮಿತ್ರರ ಹೆಗಲಿಗೇರಿತು. ಉಪಸಮಿತಿಯ ಸದಸ್ಯರೂ ಅವರೊಬ್ಬರೇ. ಹಾಗಾಗಿ ಎಲ್ಲ ನಿರ್ಣಯಗಳೂ ಸರ್ವಾನುಮತದಿಂದಲೇ ಆಗುತ್ತಿದ್ದವು.

"ನೋಡ್ತಾ ಇರು," ಎಂದರು ಮನೆಗೆ ಬಂದು. "ಸುಗ್ಗಿ ಹಬ್ಬದ ಹೊತ್ತಿಗೆ ಎಲ್ಲಾ ಕಂಪ್ಯೂಟರಲ್ಲೇ. ಹರಾಜು ಕೂಡ."

ಅಂಗಳದಲ್ಲಿ ಕೋಳಿಗೆ ಅಕ್ಕಿನುಚ್ಚು ಚೆಲ್ಲುತ್ತಿದ್ದ ಜಯಾ ತಲೆಯೆತ್ತಿದಳು. "ಏನು ಬೇಕಾದ್ರೂ ಮಾಡ್ಕೊಳ್ಳಿ. ಆದ್ರೆ ಹಬ್ಬದ ಸಾಯಂಕಾಲ ನನ್ನ ಎಸ್ತೇರ್ ಮನೆಗೆ ಬರಬೇಕು. ಅಷ್ಟೇ."

ಎಸ್ತೇರ್ ಎಂದರೆ ಆ ಕೋಳಿ. ಇಟ್ಟಿಗೆ ಕೆಂಪಿನ ಮೈ, ಸಂಜೆ ಬಿಸಿಲು ಬಿದ್ದರೆ ತಾಮ್ರದ ಬಿಂದಿಗೆಯ ಹಾಗೆ ಹೊಳೆಯುವ ಕುತ್ತಿಗೆ, ಮಹಾರಾಣಿಯ ನಡಿಗೆ. (ಕೋಳಿಗೆ ಬೈಬಲ್ಲಿನ ರಾಣಿಯ ಹೆಸರು ಬೇಡಮ್ಮ ಎಂದು ಅಯ್ಯನವರು ಒಮ್ಮೆ ಮೆಲ್ಲಗೆ ಹೇಳಿ ನೋಡಿದ್ದರು. ಮರುದಿನ ಜಯಾ ಕಳಿಸಿದ ಮೊಟ್ಟೆಗಳನ್ನು ನೋಡಿದ ಮೇಲೆ ಸುಮ್ಮನಾದರು.) ಸುಗ್ಗಿ ಹಬ್ಬದಲ್ಲಿ ಪ್ರತಿ ಮನೆಯವರೂ ಏನಾದರೊಂದು ತಂದು ದೇವರಿಗೆ ಅರ್ಪಿಸುತ್ತಾರೆ: ಕುಂಬಳಕಾಯಿ, ಬಾಳೆಗೊನೆ, ಕೇಕು, ಹಲಸಿನ ಹಪ್ಪಳ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಜಯಾ ವರ್ಷ ವರ್ಷವೂ ಎಸ್ತೇರನ್ನೇ ಕೊಡುತ್ತಿದ್ದಳು. "ಪ್ರೀತಿ ಇಲ್ಲದ್ದನ್ನ ಕೊಟ್ರೆ ಅದು ಕಾಣಿಕೆ ಅಲ್ಲ, ವಿಲೇವಾರಿ" ಎಂಬುದು ಅವಳ ಸಿದ್ಧಾಂತ. ಸತ್ಯಮಿತ್ರ ವರ್ಷ ವರ್ಷವೂ ಹರಾಜಿನಲ್ಲಿ ಕೈಯೆತ್ತಿ ಅದನ್ನು ವಾಪಸು ಕೊಳ್ಳುತ್ತಿದ್ದರು. ಅವರು ಕೈಯೆತ್ತಿದರೆ ಉಳಿದವರು ಕೈ ಇಳಿಸುತ್ತಿದ್ದರು. ಅದು ಬರೆಯದ ಕಾನೂನು. ದೇವರಿಗೂ ಸಂದಾಯ, ಕೋಳಿಗೂ ಗೂಡು.

"ಬಂದೇ ಬರುತ್ತೆ ಮಾರಾಯ್ತಿ," ಎಂದರು ಸತ್ಯಮಿತ್ರ. "ಕಂಪ್ಯೂಟರ್ ಏನು ಕೋಳಿ ತಿನ್ನುತ್ತಾ?"

ಅನ್ವೇಷಣೆ ಶುರುವಾಯಿತು.

ಮೊದಲನೆಯದು ಅಮೆರಿಕದ ಸಾಫ್ಟ್‌ವೇರ್. ಅಯ್ಯನವರ ಭಾವಮೈದ ಯಾವುದೋ ಸಮ್ಮೇಳನದಲ್ಲಿ ಪುಕ್ಕಟೆ ಸಿಕ್ಕಿದ್ದೆಂದು ಕಳಿಸಿದ ಸಿಡಿ. ಹಾಕಿದ ತಕ್ಷಣ ಪರದೆಯ ಮೇಲೆ ಪಾರಿವಾಳ ಹಾರಿತು, ಗಂಟೆ ಮೊಳಗಿತು, ಅಯ್ಯನವರ ಕಣ್ಣು ತೇವವಾಯಿತು. ಆಮೇಲೆ ಅದು ಪ್ರಶ್ನೆ ಕೇಳಲು ಶುರುಮಾಡಿತು. ಸದಸ್ಯರ ಕಾರು ಯಾವ ಬಣ್ಣ? ಪಾರ್ಕಿಂಗಿನಲ್ಲಿ ಅವರ ಜಾಗ ಯಾವುದು? ಸಭೆಯ ಒಟ್ಟು ವಾಹನ ಸಂಪತ್ತು ಎಂದರೆ ಬಾಗಿಲ ಬಳಿ ಒರಗಿಸಿದ ಸೈಕಲ್ಲುಗಳು ಮತ್ತು ಅಯ್ಯನವರ ಲೂನಾ. ಸತ್ಯಮಿತ್ರ ಲೂನಾವನ್ನು ನಮೂದಿಸಿದರು. ಕಂಪ್ಯೂಟರು ಒಪ್ಪಲಿಲ್ಲ, ನಾಲ್ಕು ಬಾಗಿಲೋ ಎರಡು ಬಾಗಿಲೋ ಎಂದು ಕೇಳಿತು.

"ಬಾಗಿಲೇ ಇಲ್ಲ ಅನ್ನಿ," ಎಂದರು ಅಯ್ಯನವರು.

"ಹಾಗನ್ನೋಕೆ ಇದು ಬಿಡ್ತಾ ಇಲ್ಲ ಅಯ್ಯನವರೇ."

ಬಾಗಿಲಿಲ್ಲದ ಲೂನಾದ ಬಳಿ ಅಮೆರಿಕ ಕೆಟ್ಟು ನಿಂತಿತು. ಪಾರಿವಾಳವನ್ನು ಸಿಡಿಯೊಳಗೆ ವಾಪಸು ಕಳಿಸಿದರು.

ಎರಡನೆಯದು ಶಿವಮೊಗ್ಗದ ಗೋಪಾಳದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ ಸಂಧ್ಯಾ ಎಂಬಾಕೆಯದು. ಆಕೆ ಕಲ್ಯಾಣ ಮಂಟಪಗಳಿಗೆಂದು ಬರೆದ ಪ್ರೋಗ್ರಾಮನ್ನು ಚರ್ಚಿಗೆ ಹೊಂದಿಸಿ, ಮನೆಗೇ ಬಂದು ತೋರಿಸಿದಳು. ಜಯಾ ಪಕ್ಕದಲ್ಲೇ ಕೂತು ನೋಡಿದಳು. ಅದರ ಪ್ರಕಾರ ಪ್ರತಿ ಭಾನುವಾರವೂ ಒಂದು ಮದುವೆ. ವರನ ಕಡೆಯವರು ಎಷ್ಟು ಜನ, ವಧುವಿನ ಕಡೆಯವರು ಎಷ್ಟು ಜನ, ಊಟ ಎಷ್ಟು ಪಂಕ್ತಿ ಎಂದು ಕೇಳಿ ತಿಳಿದುಕೊಳ್ಳದೆ ಅದು ಆರಾಧನೆ ಶುರುಮಾಡಲು ಬಿಡುತ್ತಿರಲಿಲ್ಲ.

"ಗಂಡಸರ ಸಾಲು ವರನ ಕಡೆ, ಹೆಂಗಸರ ಸಾಲು ವಧುವಿನ ಕಡೆ ಅಂತ ಇಟ್ಕೊಳ್ಳಿ ಸರ್," ಎಂದಳು ಸಂಧ್ಯಾ.

"ಊಟದ್ದೇನು ಮಾಡೋದಮ್ಮ?"

"ಸೊನ್ನೆ ಹಾಕಿದ್ರೆ ಬುಕ್ಕಿಂಗ್ ಕ್ಯಾನ್ಸಲ್ ಆಗುತ್ತೆ ಸರ್."

ಜಯಾಳಿಗೆ ಇದು ಬಹಳ ಹಿಡಿಸಿತು. "ಇದೇ ಇರಲಿ ರೀ. ವಾರವಾರ ಊಟ ಹಾಕೋ ಚರ್ಚು ಅಂತ ಹೆಸರು ಬರುತ್ತೆ. ಜನನೂ ಬರ್ತಾರೆ."

"ಇದು ಆತ್ಮಿಕ ಕಾರ್ಯ ಕಣೇ!"

"ಊಟ ಮಾಡಿದ ಆತ್ಮಕ್ಕೆ ಅಯ್ಯನವರ ಪ್ರಸಂಗ ಚೆನ್ನಾಗಿ ಹಿಡಿಯುತ್ತೆ."

ಸತ್ಯಮಿತ್ರ ಅಲುಗಾಡಲಿಲ್ಲ. ಒಂದು ಹಾಳೆಯಲ್ಲಿ ಕೋಷ್ಟಕ ಎಳೆದು, ಶಿಸ್ತು, ನಂಬಿಕೆ, ನ್ಯಾಯ, ಬೆಲೆ ಎಂದು ಬರೆದು, ಎರಡೂ ಸಾಫ್ಟ್‌ವೇರುಗಳಿಗೆ ಅಂಕ ಕೊಟ್ಟು, ಎರಡನ್ನೂ ಫೇಲು ಮಾಡಿದರು. ಜಯಾ ಅವರ ಭುಜದ ಮೇಲಿಂದ ಇಣುಕಿದಳು.

"ನಿಮ್ಮನ್ನ ಅಳಿಯ ಅಂತ ಆರಿಸುವಾಗ ನಮ್ಮಪ್ಪ ಇದರಲ್ಲಿ ಅರ್ಧ ನೋಡಿದ್ರೂ ಸಾಕಿತ್ತು."

"ನೋಡಿದ್ರೆ ಏನಾಗ್ತಿತ್ತು?"

"ಏನಿಲ್ಲ. ಎರಡನೇ ಕಾಲಮ್ಮಲ್ಲೇ ನಿಲ್ಲಿಸ್ತಿದ್ರು."

ಮೂರನೆಯದನ್ನು ಹುಡುಕಿಕೊಂಡು ಸತ್ಯಮಿತ್ರ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದರು. ದುರ್ಗಿಗುಡಿಯ ಒಂದು ಮಹಡಿಯ ಮೇಲೆ, ಹಣೆಯಲ್ಲಿ ವಿಭೂತಿ, ಜೇಬಿನಲ್ಲಿ ನಾಲ್ಕು ಪೆನ್ನು ಧರಿಸಿದ ವೀರೇಂದ್ರ ಎಂಬ ಯುವಕ ಕೂತಿದ್ದ. ಅಡಿಕೆ ಮಂಡಿಗಳಿಗೆ ಸಾಫ್ಟ್‌ವೇರ್ ಬರೆಯುವುದು ಅವನ ಕಸುಬು. ಸತ್ಯಮಿತ್ರ ಚರ್ಚಿನ ವ್ಯವಹಾರವನ್ನೆಲ್ಲ ವಿವರಿಸಿದರು. ಅವನು ಭಕ್ತಿಯಿಂದ ಕೇಳಿಸಿಕೊಂಡು, ಕೊನೆಗೆ ಹೇಳಿದ:

"ಸರ್, ನೀವು ಹೇಳಿದ್ದೆಲ್ಲ ಮಂಡೀನೇ."

"ಏನಂದಿರಿ?"

"ಜನ ಬರ್ತಾರೆ, ಏನೋ ತಂದು ಕೊಡ್ತಾರೆ, ನೀವು ಅವರ ಹೆಸರಲ್ಲಿ ಜಮಾ ಮಾಡ್ತೀರಿ. ವರ್ಷಕ್ಕೊಂದು ಸಲ ಹರಾಜು. ನಡುವೆ ಒಬ್ಬರು ದೊಡ್ಡವರು ಕೂತಿರ್ತಾರೆ. ನಮ್ಮಲ್ಲಿ ಅವರನ್ನ ದಲಾಲರು ಅಂತೀವಿ. ಅದೊಂದು ಹೆಸರು ಬದಲಾಯಿಸಿ ಕೊಡ್ತೀನಿ."

ಅಯ್ಯನವರನ್ನು ದಲಾಲರು ಎಂದದ್ದಕ್ಕೆ ಸತ್ಯಮಿತ್ರ ಎದ್ದು ಹೊರಟೇ ಬಿಡುತ್ತಿದ್ದರು. ಅಷ್ಟರಲ್ಲಿ ವೀರೇಂದ್ರ ಹರಾಜಿನ ಭಾಗವನ್ನು ತೆರೆದು ತೋರಿಸಿದ. ಏನು ಅಚ್ಚುಕಟ್ಟು! ಮಾಲಿಗೊಂದು ನಂಬರು, ಮನೆಗೊಂದು ಖಾತೆ. ಕೂಗಿದವರ ಖಾತೆ ಒತ್ತಿದರೆ ಕೂಗು ದಾಖಲು. ಹರಾಜು ಮುಗಿದರೆ ಪ್ರಿಂಟರಿನಿಂದ ಚೀಟಿ ಕರಕರ ಹೊರಗೆ.

"ಮುಖ್ಯ ಅಂದ್ರೆ ಇದು ಸರ್," ಎಂದು ವೀರೇಂದ್ರ ದನಿ ತಗ್ಗಿಸಿದ. "ಮಾಲು ತಂದವನೇ ಬೇನಾಮಿಯಾಗಿ ಕೂಗಿ ರೇಟು ಏರಿಸೋದು ಮಂಡಿಯಲ್ಲಿ ಹಳೇ ಆಟ. ನನ್ನ ಪ್ರೋಗ್ರಾಮಲ್ಲಿ ಅದು ನಡೆಯಲ್ಲ. ತಂದ ಖಾತೆ, ಕೊಳ್ಳೋ ಖಾತೆ ಒಂದೇ ಆದ್ರೆ ಕಂಪ್ಯೂಟರ್ ತಗೊಳ್ಳೋದೇ ಇಲ್ಲ."

ಸತ್ಯಮಿತ್ರರ ಟೈಮ್ ಆಫೀಸಿನ ಹೃದಯ ಕುಣಿಯಿತು. ನ್ಯಾಯದ ಕಾಲಮ್ಮಿಗೆ ಪೂರ್ತಿ ಅಂಕ ಕೊಟ್ಟರು. ಆ ನ್ಯಾಯದ ಬಾಯಿಗೆ ಮೊದಲು ಬೀಳುವವರು ಯಾರು ಎಂಬ ಯೋಚನೆ ಬಸ್ಸಿನಲ್ಲಿ ಬರುವಾಗಲೂ ಅವರ ತಲೆಗೆ ಹೊಳೆಯಲಿಲ್ಲ. ಕಿಟಕಿಯಾಚೆ ಹಸಿರು ಗದ್ದೆಗಳ ಮೇಲೆ ಮೋಡದ ನೆರಳು ತೇಲುತ್ತಿತ್ತು. ಅವರ ಮನಸ್ಸೂ ಹಾಗೇ ಹಗುರಾಗಿ ತೇಲುತ್ತಿತ್ತು.

ಮಂಡಿ ಸಾಫ್ಟ್‌ವೇರ್ ಚರ್ಚಿಗೆ ಬಂತು. ಸಣ್ಣಪುಟ್ಟ ತೊಡಕುಗಳಿದ್ದವು. ವೀರೇಂದ್ರ ಎಲ್ಲ ಕಡೆ ಹೆಸರು ಬದಲಾಯಿಸಿದ್ದೇನೆಂದು ಪ್ರಮಾಣ ಮಾಡಿದ್ದರೂ ಒಂದೆರಡು ಕಡೆ ಮರೆತಿದ್ದ. ಸದಸ್ಯರ ವಿಂಗಡಣೆ ಎಂಬ ಜಾಗದಲ್ಲಿ ಇನ್ನೂ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದೇ ಇತ್ತು. ಅಡಿಕೆಯಲ್ಲಿ ಸರಕಿಗೆ ಹೆಚ್ಚು ಬೆಲೆ, ಗೊರಬಲಿಗೆ ಕಡಿಮೆ ಎಂಬುದು ಈ ಜಿಲ್ಲೆಯಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಯಾವುದಾದರೂ ಒಂದನ್ನು ಒತ್ತದೆ ಮುಂದೆ ಹೋಗುವಂತಿರಲಿಲ್ಲ. ಸತ್ಯಮಿತ್ರ ದಾಕ್ಷಿಣ್ಯಕ್ಕೆ ಎಲ್ಲರನ್ನೂ ನಡುವಿನ ದರ್ಜೆಯ "ರಾಶಿ" ಎಂದು ಹಾಕಿದರು. ವಸಂತಮ್ಮನವರ ಹೆಸರಿಗೆ ಬಂದಾಗ ಬೆರಳು ಜಾರಿ ಗೊರಬಲು ಆಯಿತು. ಆ ಸುದ್ದಿ ವಸಂತಮ್ಮನವರಿಗೆ ಅದೇ ಸಂಜೆ ತಲುಪಿತು.

"ನಾನು ಗೊರಬಲಾ? ಸರಿ. ಹಬ್ಬ ಬರಲಿ," ಎಂದರಂತೆ.

ಹಬ್ಬದ ಹಿಂದಿನ ಭಾನುವಾರ ಸತ್ಯಮಿತ್ರ ಸಭೆಯ ಮುಂದೆ ನಿಂತು ಘೋಷಿಸಿದರು: "ಈ ಸಲ ಹರಾಜಿನಲ್ಲಿ ದಾಕ್ಷಿಣ್ಯ ಇಲ್ಲ, ಮುಖ ನೋಡೋದಿಲ್ಲ. ಕಂಪ್ಯೂಟರ್ ದಾಖಲು ಮಾಡಿದ್ದೇ ಕೂಗು, ಕಂಪ್ಯೂಟರ್ ಕೊಟ್ಟದ್ದೇ ಚೀಟಿ. ಅದನ್ನ ತಿದ್ದೋ ಅಧಿಕಾರ ಅಯ್ಯನವರಿಗೂ ಇಲ್ಲ, ನನಗೂ ಇಲ್ಲ!" ಜನ ಚಪ್ಪಾಳೆ ತಟ್ಟಿದರು. ವಸಂತಮ್ಮ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಹಬ್ಬದ ದಿನ ಬಂತು. ಆಕಾಶ ತೊಳೆದಿಟ್ಟ ಹಾಗಿತ್ತು. ಅಂಗಳದ ಹೊಂಗೆ ಮರದ ಕೆಳಗೆ ಮೇಜು, ಮೇಜಿನ ಮೇಲೆ ಕಂಪ್ಯೂಟರು, ಕೆಳಗೆ ಯುಪಿಎಸ್ಸು, ಕೀಲಿಮಣೆಯ ಮುಂದೆ ಸತ್ಯಮಿತ್ರ. ಪಕ್ಕದಲ್ಲಿ, ಮೊದಲ ಪ್ರದರ್ಶನವೆಂದು ಖುದ್ದಾಗಿ ಬಂದಿದ್ದ ವೀರೇಂದ್ರ. ಬಿದಿರು ಬುಟ್ಟಿಯಲ್ಲಿದ್ದ ಎಸ್ತೇರನ್ನು ಯಾರೋ ಅವನ ಕಾಲ ಬಳಿ ಇಟ್ಟಿದ್ದರು. ಬೆಚ್ಚಗಿದ್ದ ಯುಪಿಎಸ್ಸಿಗೆ ಮೈ ತಾಗಿಸಿ ಅದು ಕಣ್ಣು ಮುಚ್ಚಿ ಕೂತಿತ್ತು. ಜನ್ಮದಲ್ಲಿ ಕೋಳಿಯ ಹತ್ತಿರ ಸುಳಿಯದ ವೀರೇಂದ್ರ ಎರಡೂ ಕಾಲನ್ನು ಕುರ್ಚಿಯ ಮೇಲೆ ಎತ್ತಿಕೊಂಡು ಪದ್ಮಾಸನ ಹಾಕಿದ್ದ.

ಹರಾಜು ಕೂಗುವವರು ಸೆಲ್ವರಾಜ್. ಕಾರ್ಖಾನೆಯ ಫೌಂಡ್ರಿಯಲ್ಲಿ ಯಂತ್ರಗಳ ಸದ್ದನ್ನು ಮೀರಿ ಮಾತಾಡಿ ಮಾತಾಡಿ ಬೆಳೆಸಿದ ಗಂಟಲು. ಕುಂಬಳಕಾಯಿ ಹೋಯಿತು, ಬಾಳೆಗೊನೆ ಹೋಯಿತು, ಕೊಂಡವರು ಮತ್ತೆ ಮತ್ತೆ ಅರ್ಪಿಸಿದ್ದರಿಂದ ಕೇಕು ಮೂರು ಕೈ ಬದಲಾಯಿಸಿತು. ಪ್ರಿಂಟರು ಚೀಟಿಗಳನ್ನು ಹಡೆಯುತ್ತಲೇ ಇತ್ತು. ಸತ್ಯಮಿತ್ರರ ಎದೆ ಅಂಗಿಯ ಗುಂಡಿಗಳನ್ನು ಪರೀಕ್ಷಿಸುವಷ್ಟು ಉಬ್ಬಿತ್ತು.

"ಮುಂದಿನದು ಕೋಳಿ!" ಎಂದು ಸೆಲ್ವರಾಜ್ ಬುಟ್ಟಿ ಎತ್ತಿ ಹಿಡಿದರು. "ಜಯಕ್ಕನ ಎಸ್ತೇರು! ಯಾರು ಕೂಗ್ತೀರಿ?"

ವಸಂತಮ್ಮ ಕೂಗಿದರು. ಸತ್ಯಮಿತ್ರ ಸಾವಕಾಶವಾಗಿ ಅವರ ಖಾತೆ ಒತ್ತಿ ದಾಖಲಿಸಿ, ಅದಕ್ಕಿಂತ ಮೇಲಿನ ತಮ್ಮ ಕೂಗನ್ನು ಗಟ್ಟಿಯಾಗಿ ಹೇಳಿ, ತಮ್ಮ ಖಾತೆ ಒತ್ತಿದರು. ಕಂಪ್ಯೂಟರು ಕಿರ್ರೆಂದಿತು. ಪರದೆಯ ಮೇಲೆ ಕೆಂಪು ಅಕ್ಷರ: "ಮಾಲು ತಂದವರು ಕೊಳ್ಳುವಂತಿಲ್ಲ."

ಸತ್ಯಮಿತ್ರ ಇನ್ನೊಮ್ಮೆ ಒತ್ತಿದರು. ಇನ್ನೊಮ್ಮೆ ಕಿರ್ರೆಂದಿತು.

"ಏನಾಯ್ತು ಸಾರ್?" ಎಂದರು ಸೆಲ್ವರಾಜ್. "ನಿಮ್ಮ ಕೂಗು ಏರ್ತಾ ಇಲ್ವಾ? ಕಂಪ್ಯೂಟರ್ ಒಪ್ಪದೆ ನಾನು ಎಣಿಸಂಗಿಲ್ಲ. ನೀವೇ ಹೇಳಿದ್ದು."

ಹೆಂಗಸರ ಗುಂಪಿನ ನಡುವಿನಿಂದ ಜಯಾ ನೋಡುತ್ತಿದ್ದಳು. ಮದುವೆಯಾದ ಹೊಸತರಲ್ಲಿ ಸಂಜೆ ಶಿಫ್ಟು ಮುಗಿಸಿ ಬರುವ ಗಂಡನಿಗಾಗಿ ದಾರಿ ನೋಡುತ್ತಿದ್ದ ಕಣ್ಣು ಅದು. ಈಗ ದಾರಿ ನೋಡುತ್ತಿದ್ದದ್ದು ಕೋಳಿಗಾಗಿ.

"ನಾಳೆ ನಮ್ಮ ಅಳಿಯ ಬರ್ತಾನೆ," ಎಂದು ವಸಂತಮ್ಮ ಪಕ್ಕದವರಿಗೆ, ಆದರೆ ಇಡೀ ಅಂಗಳಕ್ಕೆ ಕೇಳುವಂತೆ ಹೇಳಿದರು. "ಅವನಿಗೆ ನಾಟಿ ಕೋಳಿ ಸಾರು ಅಂದ್ರೆ ಪ್ರಾಣ. ಗೊರಬಲು ಮನೆ ಆದ್ರೇನು, ಸಾರು ಸರಕಿನದ್ದೇ ಆಗಬೇಕು."

"ಒಂದನೇ ಸಲಾ..." ಎಂದರು ಸೆಲ್ವರಾಜ್.

"ರೀ ವೀರೇಂದ್ರ," ಸತ್ಯಮಿತ್ರ ಪಿಸುಗುಟ್ಟಿದರು, "ಈ ನಿಯಮ ತೆಗೀರಿ ಮಾರಾಯ್ರೇ, ಬೇಗ!"

"ಸರ್, ಅದು ಪ್ರೋಗ್ರಾಮಿನ ಅಸ್ತಿಭಾರ. ಅದನ್ನ ತೆಗೆದ್ರೆ ಕುಂಬಳಕಾಯಿಯಿಂದ ಹಿಡಿದು ಎಲ್ಲಾ ಬಿದ್ದು ಹೋಗುತ್ತೆ."

"ಕೋಳಿ ಕೊಟ್ಟಿದ್ದು ನನ್ನ ಹೆಂಡತಿ, ನಾನಲ್ಲ!"

"ಒಂದೇ ಖಾತೆ ಅಲ್ವಾ ಸರ್? ಕಂಪ್ಯೂಟರಿಗೆ ಗಂಡ ಬೇರೆ, ಹೆಂಡತಿ ಬೇರೆ ಅಂತ ಗೊತ್ತಿಲ್ಲ."

"ಎರಡನೇ ಸಲಾ..." ಸೆಲ್ವರಾಜರ ದನಿ ಹೊಂಗೆ ಮರದ ಗುಬ್ಬಿಗಳನ್ನು ಹಾರಿಸಿತು.

"ಒಂದು ದಾರಿ ಇದೆ," ಎಂದ ವೀರೇಂದ್ರ, ಕುರ್ಚಿಯ ಮೇಲಿಂದಲೇ ಬಾಗಿ. "ರೈತರ ಮನೇಲಿ ಅಣ್ಣತಮ್ಮಂದಿರು ಪಾಲಾದ್ರೆ ಖಾತೆ ಬೇರೆ ಮಾಡೋಕೆ ಅಂತ ಒಂದು ಬಟನ್ ಇಟ್ಟಿದೀನಿ. ಅಲ್ಲಿ ನೋಡಿ, 'ಪಾಲು' ಅಂತ."

ಯೋಚಿಸಲು ಸಮಯವಿರಲಿಲ್ಲ. ಸತ್ಯಮಿತ್ರ ಒತ್ತಿದರು. ಕಂಪ್ಯೂಟರು ಏನೇನೋ ಕೇಳಿತು: ಮನೆ ಯಾರಿಗೆ? ವಿಳಾಸ ಯಾರಿಗೆ? ಹಳೆಯ ಖಾತೆಯ ಯಜಮಾನಿಕೆ ಯಾರಿಗೆ? ಅವರು ಒಂದನ್ನೂ ಓದದೆ ಎಂಟರ್, ಎಂಟರ್, ಎಂಟರ್ ಎಂದು ಕುಟ್ಟುತ್ತ ಹೋದರು. ಓದದೆ ಎಂಟರ್ ಕುಟ್ಟಿದರೆ ಎಲ್ಲವೂ ಹಳೆಯ ಖಾತೆಯಲ್ಲಿ ಉಳಿದವರಿಗೇ ಸೇರುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಕೊನೆಗೆ ಹೊಸ ಖಾತೆ ಹುಟ್ಟಿತು. ಸತ್ಯಮಿತ್ರ, ಒಬ್ಬರೇ. ಅದರಿಂದ ಕೂಗು ಹಾಕಿದರು. ಕಂಪ್ಯೂಟರು ತೆಪ್ಪಗೆ ನುಂಗಿಕೊಂಡಿತು.

"ಏರಿದೆ! ಏರಿದೆ!" ಎಂದು ಸೆಲ್ವರಾಜ್ ಕುಣಿದರು. ವಸಂತಮ್ಮ ಮತ್ತೆ ಕೂಗಿದರು, ಸತ್ಯಮಿತ್ರ ಮತ್ತೆ ಏರಿಸಿದರು. ಅಳಿಯನ ಮೇಲಿನ ಪ್ರೀತಿಗೂ ಒಂದು ಮಿತಿಯಿದೆ; ಆ ಮಿತಿ ಬಂದಾಗ ವಸಂತಮ್ಮ ಕೂತರು. ಚೀಟಿ ಬಂತು. ಎಸ್ತೇರ್ ಮನೆಗೆ ಬಂತು. ಆ ಸಂಜೆ ಜಯಾ ಗಂಡನಿಗೆ ಗೋಡಂಬಿ ಹಾಕಿದ ಕೇಸರಿಬಾತು ಮಾಡಿಕೊಟ್ಟಳು. ಅವರು ಅದನ್ನು ತಿನ್ನುತ್ತ, ನಡೆದದ್ದನ್ನು ಒಂದೂ ಬಿಡದೆ ಹೇಳಿದರು. ಜಯಾ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಒಂದು ಕೋಳಿಗೋಸ್ಕರ ನನ್ನನ್ನೇ ಬಿಟ್ಟು ಹೋದ್ರಲ್ರೀ!"

"ನಾಳೆ ಸರಿ ಮಾಡ್ತೀನಿ," ಎಂದರು ಸತ್ಯಮಿತ್ರ. ಆದರೆ ಒಂದಾದದ್ದನ್ನು ಪಾಲು ಮಾಡುವ ಬಟನ್ ಇಟ್ಟಿದ್ದ ವೀರೇಂದ್ರ, ಪಾಲಾದವರನ್ನು ಒಂದು ಮಾಡುವ ಬಟನ್ ಇಟ್ಟಿರಲಿಲ್ಲ. ಫೋನ್ ಮಾಡಿದಾಗ, "ಅಂಥದ್ದು ಯಾರೂ ಕೇಳಿರಲಿಲ್ಲ ಸರ್. ಮಂಡಿಗೆ ಬರೋರು ಪಾಲಾದ್ಮೇಲೆ ಕೋರ್ಟಿಗೆ ಹೋಗ್ತಾರೆ, ವಾಪಸು ಸೇರಲ್ಲ" ಎಂದ.

ಮುಂದಿನ ಭಾನುವಾರ ಅಯ್ಯನವರು, ಈಗ ಕಂಪ್ಯೂಟರೇ ಅಚ್ಚು ಹಾಕಿ ಕೊಡುತ್ತಿದ್ದ ಪ್ರಕಟಣೆಗಳನ್ನು ಓದಲು ನಿಂತರು. ಹುಟ್ಟುಹಬ್ಬಗಳು ಸರಿಯಾಗಿದ್ದವು. ಅಸ್ವಸ್ಥರ ಹೆಸರಿನಲ್ಲಿ ಆರೋಗ್ಯವಂತರು ಒಬ್ಬರೂ ಇರಲಿಲ್ಲ. ಸತ್ಯಮಿತ್ರ ತೃಪ್ತಿಯಿಂದ ಬೆನ್ನು ನೆಟ್ಟಗೆ ಮಾಡಿ ಕೂತರು.

"ಈ ವಾರ ನಮ್ಮ ಸಭೆಗೆ ಹೊಸ ಕುಟುಂಬವೊಂದು ಸೇರಿದೆ, ದೇವರಿಗೆ ಸ್ತೋತ್ರ," ಎಂದು ಓದಿದರು ಅಯ್ಯನವರು. "ಶ್ರೀ ಸತ್ಯಮಿತ್ರ. ಕುಟುಂಬದಲ್ಲಿರುವವರು... ಒಬ್ಬರು." ಅವರ ದನಿ ತಗ್ಗಿತು. ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಇನ್ನೊಮ್ಮೆ ನೋಡಿದರು. "ನಮ್ಮ ಪದ್ಧತಿಯಂತೆ ಹೊಸ ಕುಟುಂಬವನ್ನು ಸ್ವಾಗತಿಸಲು ಗುರುವಾರದ ಪ್ರಾರ್ಥನೆಯ ಮನೆಕೂಟ ಅವರಲ್ಲೇ ನಡೆಯುತ್ತದೆ. ಉಪಾಹಾರ... ಆ ಕುಟುಂಬದವರದ್ದೇ."

ಇಡೀ ಚರ್ಚು ತಿರುಗಿ ನೋಡಿತು. ಯಾರೋ ಅಜ್ಜಿ ಜಯಾಳ ಕೈ ಹಿಡಿದು ಅಳಲು ಶುರುಮಾಡಿದರು. ಸತ್ಯಮಿತ್ರ ದಡಬಡಿಸಿ ಎದ್ದರು.

"ಅಯ್ಯನವರೇ, ಅದು ತಪ್ಪು!"

"ಕಂಪ್ಯೂಟರ್ ತಪ್ಪು ಮಾಡಲ್ಲ ಅಂತ ನೀವೇ ಹೇಳಿದ್ರಲ್ಲಪ್ಪ," ಎಂದರು ವಸಂತಮ್ಮ, ಜೇನಿನಂಥ ದನಿಯಲ್ಲಿ. "ತಪ್ಪು ಅಂದ್ರೆ ಹೇಗೆ? ನೀವೂ ಜಯಾನೂ ಒಂದೇ ಮನೆ ಅಂತಲಾ?"

"ಹೌದು! ಒಂದೇ ಮನೆ!"

"ಹಾಗಾದ್ರೆ ಕೊಟ್ಟವರೇ ಕೋಳಿ ಕೊಂಡ ಹಾಗಾಯ್ತು. ಆ ಕೂಗು ಅನ್ಯಾಯದ್ದು. ಅದು ಬಿದ್ದು ಹೋದ್ರೆ ನಂದೇ ಮೇಲಿನ ಕೂಗು. ಕೋಳಿ ನಂದು. ಅಳಿಯ ಇನ್ನೂ ಇಲ್ಲೇ ಇದಾನೆ."

ಗಂಡಹೆಂಡಿರು ಒಂದೇ ಎಂದರೆ ಕೋಳಿ ಹೋಯಿತು. ಕೋಳಿ ಇರಬೇಕೆಂದರೆ ಗಂಡಹೆಂಡಿರು ಬೇರೆ. ಅಯ್ಯನವರು ಇಂಥ ಇಕ್ಕಟ್ಟಿಗೆ ಪಾಸ್ಟರಾಗಲು ಓದಿದ ಶಾಲೆಯಲ್ಲಿ ಪಾಠ ಕೇಳಿರಲಿಲ್ಲ. ಅವರು ಹೆಂಗಸರ ಸಾಲಿನತ್ತ ತಿರುಗಿದರು.

"ಜಯಮ್ಮ, ನೀವೇ ಹೇಳಿ. ಏನಂತ ಬರ್ಕೊಳ್ಳಲಿ?"

ಸತ್ಯಮಿತ್ರ ಹೆಂಡತಿಯ ಮುಖ ನೋಡಿದರು. ಇಷ್ಟು ವರ್ಷದ ಸಂಸಾರ, ಜೊತೆಗೆ ಕಂಡ ಸುಖದುಃಖ, ರಾತ್ರಿ ಪಾಳಿಗೆ ಕಟ್ಟಿಕೊಟ್ಟ ಬುತ್ತಿಗಳು, ಎಲ್ಲವೂ ಅವರ ಕಣ್ಣ ಮುಂದೆ ಹಾದು ಹೋದವು. ಜಯಾಳ ಕಣ್ಣ ಮುಂದೆ ಏನು ಹಾದು ಹೋಯಿತೋ ಗೊತ್ತಿಲ್ಲ. ಅವಳು ಎದ್ದು ಸೆರಗು ಸರಿಮಾಡಿಕೊಂಡು ಹೇಳಿದಳು:

"ತಪ್ಪೇನಿಲ್ಲ ಅಯ್ಯನವರೇ. ಅವರು ಬೇರೆ. ಗುರುವಾರ ನಾನೂ ಬರ್ತೀನಿ."

ಸುದ್ದಿ ಜಯಾಳ ತವರು ಕುಂಸಿಗೆ ಹಾರಿತು. ಮಂಗಳವಾರ ಅತ್ತೆ ಚಿನ್ನಮ್ಮ ಚೀಲ ಹಿಡಿದು ಬಂದಿಳಿದರು. ಮಗಳನ್ನು ಸಮಾಧಾನ ಮಾಡುವುದಿರಲಿ, ಚಪ್ಪಲಿ ಬಿಡುವ ಮೊದಲೇ ಕೇಳಿದರು: "ಪಾಲಲ್ಲಿ ಮನೆ ಯಾರಿಗೆ ಬಂತು?"

"ನನಗೇ ಅಂತೆ ಅಮ್ಮ. ಯಜಮಾನಿಕೆನೂ ನಂದೇ."

"ಅವರಿಗೇನು ಬಂತು?"

"ಕೋಳಿ."

"ಹಾಗಾದ್ರೆ ಸರಿಯಾಗೇ ಮಾಡಿದೆ ನಿಮ್ಮ ಕಂಪ್ಯೂಟರ್," ಎಂದು ಚಿನ್ನಮ್ಮ ನೆಮ್ಮದಿಯಿಂದ ಕಾಲು ಚಾಚಿ ಕೂತು, ಅಳಿಯನನ್ನು ಒಂದು ಲೋಟ ಕಾಫಿ ಕೇಳಿದರು.

ಸತ್ಯಮಿತ್ರ ಹಿಂಜರಿಯಲಿಲ್ಲ. ಉಪ್ಪಿಟ್ಟು ಎಂದರೇನು, ಒಂದು ಶಿಫ್ಟಿನ ಕೆಲಸವಲ್ಲವೆ? ಗುರುವಾರ ರಜೆ ಹಾಕಿ, ಅಯ್ಯನವರ ಮನೆಯಿಂದ ದೊಡ್ಡ ಪಾತ್ರೆ ತಂದು, ಸಂಜೆಗೆ ಮುಂಚೆಯೇ ಯುದ್ಧಕ್ಕೆ ಇಳಿದರು. ಜಯಾ ಬಾಗಿಲಿಗೆ ಒರಗಿ ನಿಂತು, ಪಕ್ಕದ ಮನೆಯವಳು ಹೇಳುವ ಹಾಗೆ ದೂರದಿಂದಲೇ ಸಲಹೆ ಕೊಟ್ಟಳು. "ರವೆ ಇನ್ನೊಂದು ಸ್ವಲ್ಪ ಹುರೀಬೇಕಿತ್ತೇನೋ. ನಮ್ಮ ಮನೇಲಾದ್ರೆ ಹಾಗೆ ಮಾಡ್ತೀವಪ್ಪ. ನಿಮ್ಮ ಮನೆ ಪದ್ಧತಿ ನಂಗೊತ್ತಿಲ್ಲ." ನೀರು ಹೆಚ್ಚಾಯಿತೆಂದು ರವೆ ಹಾಕಿದರು, ರವೆ ಹೆಚ್ಚಾಯಿತೆಂದು ನೀರು ಹಾಕಿದರು. ಹೀಗೆ ಎರಡೂ ಕಡೆಯವರು ಹಟ ಬಿಡದೆ ಬೆಳೆದು, ಉಪ್ಪಿಟ್ಟು ಪಾತ್ರೆಯ ಅಂಚಿಗೆ ಬಂದು ನಿಂತಿತು. ಸೌಟು ಅದರೊಳಗೆ ನೆಟ್ಟ ಕಂಬದಂತೆ ತಾನೇ ನಿಂತಿತ್ತು.

ಜನ ಬಂದರು. ಜಯಾ ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿ, ಹೊಸ ಸೀರೆ ಉಟ್ಟು, ಬೈಬಲ್ ಹಿಡಿದು, ಮುಂಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಸ್ತೋತ್ರ ಬ್ರದರ್" ಎಂದು ಕೈಮುಗಿದು ಒಳಗೆ ಬಂದು, ಚಾಪೆಯ ಮೇಲೆ ಎಲ್ಲರಿಗಿಂತ ಮುಂದೆ ಕೂತಳು. ಪಕ್ಕದಲ್ಲಿ ವಸಂತಮ್ಮ. ಇಬ್ಬರೂ ಒಂದೇ ಕೀರ್ತನೆಯ ಪುಸ್ತಕ ಹಿಡಿದು ಕೊರಳು ಸೇರಿಸಿ ಹಾಡಿದರು. ಆ ಹಾಡು ಹಜಾರದ ತುಂಬ ಹರಡಿ, ಕಿಟಕಿಯಿಂದ ಅಂಗಳಕ್ಕಿಳಿದು, ಗೂಡಿನಲ್ಲಿ ರೆಕ್ಕೆ ಮಡಚಿ ಕೂತಿದ್ದ ಎಸ್ತೇರನ್ನೂ ಮುಟ್ಟಿತು. ಅಡುಗೆಮನೆಯಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಸತ್ಯಮಿತ್ರರಿಗೂ ಒಂದು ಕ್ಷಣ ಮನಸ್ಸು ತಣ್ಣಗಾಯಿತು.

ಉಪ್ಪಿಟ್ಟನ್ನು ಎಲ್ಲರೂ ತಿಂದರು. ಅಯ್ಯನವರು ಎರಡನೇ ಸಲ ಹಾಕಿಸಿಕೊಳ್ಳಲಿಲ್ಲ, ಆದರೆ ಆಶೀರ್ವಾದ ಮಾತ್ರ ಧಾರಾಳವಾಗಿ ಮಾಡಿದರು. ಸೆಲ್ವರಾಜ್, "ಇದನ್ನ ಫೌಂಡ್ರಿಗೆ ಕಳಿಸಿ ಸಾರ್, ಅಚ್ಚು ಹಾಕೋಕೆ ಬೇಕು" ಎಂದರು. ಒಬ್ಬೊಬ್ಬರಾಗಿ ಹೊಸ ಕುಟುಂಬದ ಕೈಕುಲುಕಿ ಹೊರಟರು. ಚಿನ್ನಮ್ಮ ಆಗಲೇ ಗೋಡೆಗೊರಗಿ ತೂಕಡಿಸುತ್ತಿದ್ದರು. ಅಡುಗೆಮನೆಯಲ್ಲಿ ತಟ್ಟೆ, ಲೋಟ, ಬಾಣಲೆಗಳ ಗುಡ್ಡ. ಅದರ ತುದಿಯಲ್ಲಿ ತಳ ಹಿಡಿದ ದೊಡ್ಡ ಪಾತ್ರೆ.

ಜಯಾ ಬಾಗಿಲಲ್ಲಿ ಬಂದು ನಿಂತಳು. ಗುಡ್ಡವನ್ನೂ ಗಂಡನನ್ನೂ ನೋಡಿದಳು. ಅವಳ ಮುಖದಲ್ಲಿ ಕರುಣೆ ಮೂಡಿದ್ದನ್ನು ಸತ್ಯಮಿತ್ರ ಸ್ಪಷ್ಟವಾಗಿ ಕಂಡರು.

"ಪಾತ್ರೆ ತೊಳೆಯೋಕೆ ನಾನೂ ಕೈ ಹಾಕ್ಲಾ?" ಎಂದಳು.

ಬಂದ ಅತಿಥಿ ಹೀಗೆ ಕೇಳುತ್ತಾರೆ, ಮನೆಯವರು ಬೇಡ ಎನ್ನುತ್ತಾರೆ, ಲೋಕಾರೂಢಿ. ಇಡೀ ಸಂಜೆ ಬಂದವರಿಗೆಲ್ಲ ಕೈಮುಗಿದು ಉಪಚಾರ ಮಾಡಿ ಮಾಡಿ ನಾಲಿಗೆ ಪಳಗಿಹೋಗಿದ್ದ ಸತ್ಯಮಿತ್ರ, ಯೋಚಿಸುವ ಮೊದಲೇ ನುಡಿದುಬಿಟ್ಟರು:

"ಛೆ ಛೆ, ನಿಮಗ್ಯಾಕೆ ತೊಂದರೆ? ನೀವು ಕೂತ್ಕೊಳ್ಳಿ."

"ಹಾಗಾದ್ರೆ ಸರಿ ಬ್ರದರ್," ಎಂದು ಜಯಾ ಒಳಗೆ ಹೋಗಿ ಮಂಚದ ಮೇಲೆ ಕಾಲು ನೀಡಿಕೊಂಡಳು.